ಅಭ್ಯರ್ಥಿಯ ಜಾರುವ ಉತ್ತರವನ್ನು ಹಿಡಿದು ನಿಲ್ಲಿಸುವುದು ಹೇಗೆ? ಕಾಸರಗೋಡಿನ ಕನ್ನಡ ಮತದಾರರಿಗೊಂದು ಕೈಪಿಡಿ

ಚುನಾವಣೆ ಘೋಷಣೆಯಾದೊಡನೆ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಎಲ್ಲ ರಂಗಗಳ ಅಭ್ಯರ್ಥಿಗಳ ಬಾಯಲ್ಲೂ ಕೇಳಿಬರುವ ಮೂರು ಮಾತುಗಳನ್ನು ಎತ್ತಿಕೊಳ್ಳೋಣ: ‘ಗಡಿನಾಡ ಕನ್ನಡಿಗರ ಹಕ್ಕುಗಳನ್ನು ಸಂರಕ್ಷಿಸುತ್ತೇವೆ’, ‘ಅಡಿಕೆ ಕೃಷಿಕರ ಹಿತ ಕಾಯುತ್ತೇವೆ’, ‘ಎಂಡೋಸಲ್ಫಾನ್ ಸಂತ್ರಸ್ತರಿಗೆ ನ್ಯಾಯ ಒದಗಿಸುತ್ತೇವೆ’. ಈಗ ಈ ಮೂರನ್ನೂ ತಿರುಗಿಸಿ ಹೇಳಿ ನೋಡಿ. ಹಕ್ಕುಗಳನ್ನು ಸಂರಕ್ಷಿಸುವುದಿಲ್ಲ, ಕೃಷಿಕರ ಹಿತ ಕಾಯುವುದಿಲ್ಲ, ಸಂತ್ರಸ್ತರಿಗೆ ನ್ಯಾಯ ಬೇಡ ಎನ್ನುವ ಅಭ್ಯರ್ಥಿ ಈ ಜಿಲ್ಲೆಯಲ್ಲಿ ಯಾರಾದರೂ ಇದ್ದಾರೆಯೇ? ಇಲ್ಲವೆಂದ ಮೇಲೆ, ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಆರಿಸಿಕೊಳ್ಳಲು ಈ ಮಾತುಗಳು ನಮಗೆ ಯಾವ ನೆರವನ್ನೂ ಕೊಡುವುದಿಲ್ಲ. ಭಾಷಣವೊಂದನ್ನು ಕೇಳುವಾಗ ಮತದಾರರು ಮಾಡಬಹುದಾದ ಮೊದಲ ಪರೀಕ್ಷೆ ಇದೇ: ಯಾವ ವಾಕ್ಯದ ವಿರುದ್ಧಾರ್ಥವನ್ನು ಯಾರೂ ಆಡಲಾರರೋ ಆ ವಾಕ್ಯದಲ್ಲಿ ನಿಲುವು ಇರುವುದಿಲ್ಲ.

ಆದರೆ ಪರೀಕ್ಷೆ ಅಲ್ಲಿಗೇ ನಿಂತರೆ ‘ರಾಜಕಾರಣಿಗಳೆಲ್ಲ ಹೀಗೆಯೇ’ ಎಂಬ ಬೇಸರವಷ್ಟೇ ಉಳಿಯುತ್ತದೆ. ಅಸ್ಪಷ್ಟತೆಗೆ ಬೇರೆ ಬೇರೆ ಕಾರಣಗಳಿವೆ, ಮತ್ತು ಒಂದೊಂದು ಕಾರಣಕ್ಕೂ ಕೇಳಬೇಕಾದ ಪ್ರಶ್ನೆಯ ರೂಪ ಬೇರೆಯಾಗಿರುತ್ತದೆ. ಕಾರಣವನ್ನು ಗುರುತಿಸದೆ ಹಾಕಿದ ಪ್ರಶ್ನೆಗೆ ಮತ್ತೊಂದು ಅಸ್ಪಷ್ಟ ಉತ್ತರವೇ ಬರುತ್ತದೆ. ಆದುದರಿಂದ ಮೊದಲು ಕಾರಣಗಳನ್ನು ನೋಡಿ, ಆಮೇಲೆ ಪ್ರಶ್ನೆಗಳ ಕಡೆಗೆ ಬರುವುದು ಒಳ್ಳೆಯದು.

ಅಸ್ಪಷ್ಟತೆ ಎಲ್ಲಿಂದ ಹುಟ್ಟುತ್ತದೆ

ಎಲ್ಲಕ್ಕಿಂತ ಬಲವಾದ ಕಾರಣ ಮತಗಳ ಲೆಕ್ಕಾಚಾರ. ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 2016ರಲ್ಲಿ ಗೆಲುವಿನ ಅಂತರ 89 ಮತಗಳು, 2021ರಲ್ಲಿ 745 ಮತಗಳು. ಇಷ್ಟು ಸಣ್ಣ ಅಂತರದಲ್ಲಿ ಸೋಲು ಗೆಲುವು ತೀರ್ಮಾನವಾಗುವ ಕ್ಷೇತ್ರದಲ್ಲಿ ಯಾವುದೇ ಪ್ರಶ್ನೆಗೆ ಖಚಿತವಾದ ಉತ್ತರ ಕೊಡುವುದೆಂದರೆ ಆ ಉತ್ತರವನ್ನು ಒಪ್ಪದ ಒಂದೆರಡು ವಾರ್ಡುಗಳನ್ನು ಕಳೆದುಕೊಳ್ಳುವ ಅಪಾಯವನ್ನು ಮೈಮೇಲೆ ಎಳೆದುಕೊಂಡಂತೆ. ಕನ್ನಡ, ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಮಾತಾಡುವವರು ಒಂದೇ ಮತಗಟ್ಟೆಯ ಸಾಲಿನಲ್ಲಿ ನಿಲ್ಲುವ ಊರುಗಳಲ್ಲಿ, ಭಾಷೆಗೆ ಸಂಬಂಧಿಸಿದ ಪ್ರಶ್ನೆಯ ಬಗ್ಗೆ ಆಡಿದ ಸ್ಪಷ್ಟ ಮಾತು ಒಬ್ಬರಿಗೆ ಭರವಸೆಯಾದರೆ ಇನ್ನೊಬ್ಬರಿಗೆ ಆತಂಕವಾಗಬಹುದು. ಎರಡು ಪಕ್ಷಗಳು ಪೈಪೋಟಿ ನಡೆಸುವಲ್ಲಿ ನಿಲುವನ್ನು ಮಸುಕಾಗಿ ಇಟ್ಟುಕೊಳ್ಳುವುದೇ ಅವುಗಳಿಗೆ ಲಾಭದಾಯಕವೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1957ರಲ್ಲಿಯೇ ವಾದಿಸಿದ್ದರು. ಅದೇ ದೇಶದ ಬೆಂಜಮಿನ್ ಪೇಜ್ 1976ರಲ್ಲಿ ಇದಕ್ಕೆ ಇನ್ನೊಂದು ಮುಖವನ್ನು ಸೇರಿಸಿದರು: ಅಭ್ಯರ್ಥಿಗೆ ಸಿಗುವ ಸಮಯವೂ ಜನರ ಗಮನವೂ ಮಿತವಾದುದರಿಂದ, ಎಲ್ಲರೂ ಒಪ್ಪುವ ಮಾತುಗಳಿಗೆ ಅದನ್ನು ಖರ್ಚು ಮಾಡಿ, ಜನರನ್ನು ಎರಡು ಪಾಲು ಮಾಡುವ ವಿಷಯಗಳನ್ನು ಬದಿಗೆ ಸರಿಸುವುದು ಅವರಿಗೆ ಲೆಕ್ಕಕ್ಕೆ ಸರಿಬರುತ್ತದೆ.

ಇದರಲ್ಲಿ ನಮ್ಮ ಪಾಲೂ ಇದೆ ಎಂಬುದನ್ನು ಮರೆಯಬಾರದು. ಮೈಕೆಲ್ ಟಾಮ್ಜ್ ಮತ್ತು ರಾಬರ್ಟ್ ವ್ಯಾನ್ ಹೌವೆಲಿಂಗ್ ಅಮೆರಿಕದ ಮತದಾರರ ಮೇಲೆ ಪ್ರಯೋಗ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಸ್ಪಷ್ಟವಾಗಿ ಮಾತಾಡುವ ಅಭ್ಯರ್ಥಿಯನ್ನು ಮತದಾರರು ಸಾಮಾನ್ಯವಾಗಿ ಶಿಕ್ಷಿಸುವುದಿಲ್ಲ. ತಮ್ಮದೇ ಪಕ್ಷದವರು ಮಸುಕಾಗಿ ಮಾತಾಡಿದಾಗ ಅದರೊಳಗೆ ತಮಗೆ ಬೇಕಾದ ಅರ್ಥವನ್ನೇ ತುಂಬಿಕೊಳ್ಳುತ್ತಾರೆ. ಪೈವಳಿಕೆಯ ಕೃಷಿಕರೊಬ್ಬರು ‘ಭಾಷಾ ಅಲ್ಪಸಂಖ್ಯಾತರ ಬೇಡಿಕೆಗಳನ್ನು ಪರಿಗಣಿಸುತ್ತೇವೆ’ ಎಂಬ ಮಾತನ್ನು ಕೇಳಿ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬರುತ್ತಾರೆಂದು ನಂಬಬಹುದು. ಅದೇ ಮಾತನ್ನು ಇನ್ನೊಬ್ಬರು ಕನ್ನಡದಲ್ಲಿ ನಾಮಫಲಕ ಬರುತ್ತದೆಂದಷ್ಟೇ ತಿಳಿಯಬಹುದು. ಇಬ್ಬರೂ ಮತ ಹಾಕುತ್ತಾರೆ, ಆದರೆ ಇಬ್ಬರಿಗೂ ಭರವಸೆ ಸಿಕ್ಕಿರುವುದಿಲ್ಲ.

ಹಿಂದಿನ ಕಾಲದೊಂದಿಗೆ ಹೋಲಿಸಿದರೆ ಈ ಕಾರಣ ಇನ್ನೂ ಸ್ಪಷ್ಟವಾಗುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ನಡೆದ ಮೊದಲ ವಿಧಾನಸಭಾ ಚುನಾವಣೆಯಲ್ಲಿ, ಅಂದರೆ 1957ರಲ್ಲಿ, ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. 1960ರ ದಶಕದಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಅದೇ ಕ್ಷೇತ್ರವನ್ನು ಪ್ರತಿನಿಧಿಸಿದರು. ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂಬ ಅವರ ನಿಲುವಿನಲ್ಲಿ ಯಾರಿಗೂ ಸಂಶಯಕ್ಕೆ ಎಡೆಯಿರಲಿಲ್ಲ; ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ, ರಾಜ್ಯಗಳ ಗಡಿವಿವಾದವನ್ನು ಪರಿಶೀಲಿಸಿದ ಮಹಾಜನ್ ಆಯೋಗವೂ ಶಿಫಾರಸು ಮಾಡಿತ್ತು. ಕ್ಷೇತ್ರದ ಬಹುಪಾಲು ಜನರ ಮನಸ್ಸು ಒಂದೇ ಕಡೆಗಿದ್ದಾಗ ಸ್ಪಷ್ಟ ಮಾತೇ ಗೆಲುವನ್ನು ತರುತ್ತದೆ. ಮತಗಳು ಹಂಚಿಹೋದ ಮೇಲೆ ಅದೇ ಸ್ಪಷ್ಟತೆ ಅಭ್ಯರ್ಥಿಗೆ ದುಬಾರಿಯಾಗುತ್ತದೆ. ಇದು ವ್ಯಕ್ತಿಗಳ ಪ್ರಾಮಾಣಿಕತೆ ಕುಂದಿದ್ದರಿಂದ ಆದ ಬದಲಾವಣೆ ಎಂದು ನಾನು ಭಾವಿಸುವುದಿಲ್ಲ. ಸ್ಪರ್ಧೆಯ ಸ್ವರೂಪವೇ ಬದಲಾಗಿದೆ.

ಲೋಕಸಭಾ ಚುನಾವಣೆಯಲ್ಲಿ ಲೆಕ್ಕಾಚಾರ ಇನ್ನೊಂದು ಬಗೆಯದು. ಕಾಸರಗೋಡು ಲೋಕಸಭಾ ಕ್ಷೇತ್ರದಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ, ಅವುಗಳಲ್ಲಿ ಪಯ್ಯನ್ನೂರು ಮತ್ತು ಕಲ್ಯಾಶ್ಶೇರಿ ಕಣ್ಣೂರು ಜಿಲ್ಲೆಗೆ ಸೇರಿದವು. ಕನ್ನಡಿಗರು ಹೆಚ್ಚಾಗಿ ನೆಲೆಸಿರುವುದು ಉತ್ತರದ ಮಂಜೇಶ್ವರ ಮತ್ತು ಕಾಸರಗೋಡಿನಲ್ಲಿ. ಹೀಗಿರುವಾಗ ಪೆರ್ಲದ ಸಭೆಯಲ್ಲಿ ಕನ್ನಡದಲ್ಲಿ ಆಡಿದ ಮಾತಿಗೂ ಪಯ್ಯನ್ನೂರಿನ ಸಭೆಯಲ್ಲಿ ಮಲಯಾಳಂನಲ್ಲಿ ಆಡಿದ ಮಾತಿಗೂ ನಡುವೆ ಅಂತರ ಉಳಿದುಬಿಡಬಹುದು. ಗಡಿನಾಡಿನ ಅಸ್ಪಷ್ಟತೆಯ ವಿಶೇಷ ಸ್ವರೂಪ ಇದು: ಒಂದು ಸಭೆಯಲ್ಲಿ ಮಾತು ಸ್ಪಷ್ಟವಾಗಿಯೇ ಇರುತ್ತದೆ, ಎರಡು ಸಭೆಗಳ ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಮಾತ್ರ ಅದು ಮಸುಕಾಗುತ್ತದೆ.

ಎರಡನೆಯ ಕಾರಣ ಅಧಿಕಾರದ ವ್ಯಾಪ್ತಿ. ಯಾವ ಕೆಲಸ ಯಾರ ಕೈಯಲ್ಲಿದೆ ಎಂಬುದನ್ನು ಸಂವಿಧಾನದ ಏಳನೆಯ ಅನುಸೂಚಿ ಹಂಚಿಕೊಟ್ಟಿದೆ. ಅಡಿಕೆಯ ಆಮದಿನ ಮೇಲಿನ ಕನಿಷ್ಠ ಬೆಲೆಯನ್ನು ನಿಗದಿ ಮಾಡುವುದು ಕೇಂದ್ರ ಸರಕಾರ. 2023ರಲ್ಲಿ ಅದನ್ನು ಕಿಲೋಗ್ರಾಮಿಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದ್ದೂ ಕೇಂದ್ರವೇ. ವಿಧಾನಸಭೆಗೆ ಸ್ಪರ್ಧಿಸುವವರು ಅಡಿಕೆಯ ಬೆಲೆಯ ಬಗ್ಗೆ ಎಷ್ಟು ಜೋರಾಗಿ ಮಾತಾಡಿದರೂ ಆ ಮಾತಿಗೆ ಅವರನ್ನು ಹೊಣೆ ಮಾಡಲು ಬರುವುದಿಲ್ಲ. ತನ್ನ ಕೈಯಲ್ಲಿಲ್ಲದ ವಿಷಯದ ಬಗ್ಗೆ ಭರವಸೆ ಕೊಡುವುದು ಅಭ್ಯರ್ಥಿಗೆ ಸುಲಭ, ಕೈಯಲ್ಲಿರುವುದರ ಬಗ್ಗೆ ಕೊಡುವುದು ಕಷ್ಟ.

ಮೂರನೆಯದು ಪಕ್ಷದ ಕಟ್ಟುಪಾಡು. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ಸದನದಲ್ಲಿ ಹೀಗೆಯೇ ಮತ ಹಾಕಬೇಕೆಂದು ಪಕ್ಷ ಹೊರಡಿಸುವ ಆದೇಶವನ್ನು, ಅಂದರೆ ವಿಪ್ ಅನ್ನು, ಉಲ್ಲಂಘಿಸಿ ಮತ ಹಾಕಿದ ಶಾಸಕರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. 2017ರಲ್ಲಿ ಕೇರಳವು ಹತ್ತನೆಯ ತರಗತಿಯವರೆಗೆ ಮಲಯಾಳಂ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯ್ದೆಯನ್ನು ತಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದು ಪ್ರತಿಭಟಿಸಿದ್ದರು. ಇಂಥ ಮಸೂದೆ ನಾಳೆ ಮತ್ತೆ ಬಂದರೆ ಕನ್ನಡಿಗರ ಪರವಾಗಿ ಮತ ಹಾಕುವಿರಾ ಎಂದು ಕೇಳಿದರೆ ಒಬ್ಬ ಅಭ್ಯರ್ಥಿ ತಡವರಿಸುವುದು ಸಹಜ, ಏಕೆಂದರೆ ಆ ಮತ ಅವರೊಬ್ಬರ ಕೈಯಲ್ಲಿಲ್ಲ. ಅವರ ವೈಯಕ್ತಿಕ ಅಭಿಪ್ರಾಯ ನಮ್ಮ ಪರವಾಗಿಯೇ ಇರಬಹುದು.

ನಾಲ್ಕನೆಯದು ಕಾನೂನಿನ ಭಯ, ಅಥವಾ ಅದರ ನೆಪ. ಜನಪ್ರಾತಿನಿಧ್ಯ ಕಾಯ್ದೆ, 1951ರ 123(3)ನೆಯ ವಿಧಿಯು ಭಾಷೆಯ ಆಧಾರದಲ್ಲಿ ಮತ ಯಾಚಿಸುವುದನ್ನು ಭ್ರಷ್ಟ ಆಚರಣೆಯೆಂದು ಕರೆಯುತ್ತದೆ. ‘ಭಾಷೆಯ ವಿಷಯ ಮಾತಾಡಿದರೆ ತೊಂದರೆಯಾದೀತು’ ಎಂಬ ಮಾತು ಇದರಿಂದಲೇ ಬರುತ್ತದೆ. ಆದರೆ ಭಾಷೆಯನ್ನು ಉಳಿಸಿಕೊಳ್ಳುವ ಸಲುವಾಗಿ ಮಾಡುವ ರಾಜಕೀಯ ಪ್ರಚಾರವು ಭ್ರಷ್ಟ ಆಚರಣೆಯಾಗದು, ಏಕೆಂದರೆ ಸಂವಿಧಾನದ 29ನೆಯ ವಿಧಿಯೇ ಆ ಹಕ್ಕನ್ನು ಕೊಟ್ಟಿದೆ ಎಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲಿಯೇ, ಹರಿಯಾಣ ಭಾಗದ ಹಿಂದಿ ಚಳವಳಿಗೆ ಸಂಬಂಧಿಸಿದ ಜಗದೇವ್ ಸಿಂಗ್ ಸಿಧಾಂತಿ ಪ್ರಕರಣದಲ್ಲಿ ಹೇಳಿದೆ. ‘ನಾನು ಕನ್ನಡಿಗ, ನನಗೆ ಮತ ಕೊಡಿ’ ಎನ್ನುವುದು ಬೇರೆ. ‘ಕನ್ನಡ ಶಾಲೆಗಳ ಬಗ್ಗೆ ನನ್ನ ನಿಲುವು ಇಂಥದ್ದು’ ಎನ್ನುವುದು ಬೇರೆ. ನಾವು ಕೇಳುತ್ತಿರುವುದು ಎರಡನೆಯದನ್ನು.

ಅಭ್ಯರ್ಥಿಗೆ ವಿಷಯವೇ ಗೊತ್ತಿಲ್ಲದಿರುವ ಸಂದರ್ಭಗಳೂ ಉಂಟು. ಅದಕ್ಕೆ ವಿವರಣೆ ಬೇಕಿಲ್ಲ. ವಿಷಯವನ್ನು ಬರೆದುಕೊಟ್ಟು ಒಂದು ವಾರ ಬಿಟ್ಟು ಮತ್ತೆ ಕೇಳಿದರೆ ಸಾಕು.

ಇಷ್ಟೆಲ್ಲ ಕಾರಣಗಳ ಹಿಂದೆ ಒಂದು ಕೊರತೆಯೂ ಇದೆ. ಅಭ್ಯರ್ಥಿ ನಾಮಪತ್ರದೊಂದಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ವಿದ್ಯಾಭ್ಯಾಸ, ಕ್ರಿಮಿನಲ್ ಪ್ರಕರಣಗಳ ವಿವರ ಇರಲೇಬೇಕು. ನೀತಿಯ ಬಗ್ಗೆ ಒಂದು ಸಾಲನ್ನೂ ಕಾನೂನು ಕೇಳುವುದಿಲ್ಲ. 2013ರಲ್ಲಿ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ ಚುನಾವಣಾ ಆಯೋಗವು ಪ್ರಣಾಳಿಕೆಗಳಿಗೆ ಮಾರ್ಗಸೂಚಿಯನ್ನು ರೂಪಿಸಿ ಮಾದರಿ ನೀತಿ ಸಂಹಿತೆಗೆ ಸೇರಿಸಿತು. ಭರವಸೆಯ ಹಿಂದಿನ ತರ್ಕವನ್ನೂ ಅದಕ್ಕೆ ಬೇಕಾದ ಹಣದ ಮೂಲವನ್ನೂ ಸ್ಥೂಲವಾಗಿಯಾದರೂ ತಿಳಿಸಬೇಕೆಂದು ಅದು ಹೇಳುತ್ತದೆ. ಈ ಮಾರ್ಗಸೂಚಿ ನಮ್ಮ ಕೈಗೆ ಸಿಕ್ಕಿರುವ ಒಳ್ಳೆಯ ಸಾಧನ. ‘ಹಣ ಎಲ್ಲಿಂದ?’ ಎಂಬ ಪ್ರಶ್ನೆಯನ್ನು ಅನುಚಿತವೆಂದು ಯಾವ ಪಕ್ಷವೂ ತಳ್ಳಿಹಾಕುವಂತಿಲ್ಲ.

ಪ್ರಶ್ನೆಯನ್ನು ಸಿದ್ಧಪಡಿಸುವುದು

ಹತ್ತು ಬೇಡಿಕೆಗಳ ಮನವಿಪತ್ರವನ್ನು ಕೊಡುವ ಅಭ್ಯಾಸವನ್ನು ಮೊದಲು ಬಿಡಬೇಕು. ಹತ್ತು ಬೇಡಿಕೆಗಳಿಗೆ ‘ಎಲ್ಲವನ್ನೂ ಪರಿಗಣಿಸುತ್ತೇವೆ’ ಎಂಬ ಒಂದೇ ಉತ್ತರ ಸಾಕಾಗಿಬಿಡುತ್ತದೆ. ಒಂದು, ಹೆಚ್ಚೆಂದರೆ ಎರಡು ವಿಷಯಗಳನ್ನು ಆರಿಸಿಕೊಳ್ಳಿ. ಆ ವಿಷಯ ಪಂಚಾಯತಿನ ಕೈಯಲ್ಲಿದೆಯೇ, ರಾಜ್ಯದ ಕೈಯಲ್ಲಿದೆಯೇ, ಕೇಂದ್ರದ ಕೈಯಲ್ಲಿದೆಯೇ ಎಂದು ನೋಡಿ, ಸಂಬಂಧಪಟ್ಟ ಚುನಾವಣೆಯ ಅಭ್ಯರ್ಥಿಗೆ ಮಾತ್ರ ಕೇಳಿ. ಅಡಿಕೆಯ ಆಮದು ಬೆಲೆಯನ್ನು ಲೋಕಸಭೆಯ ಅಭ್ಯರ್ಥಿಗೆ ಕೇಳಬೇಕು. ಎಲೆಚುಕ್ಕೆ ರೋಗಕ್ಕೆ ಔಷಧ ಸಿಂಪಡಿಸಲು ಕೃಷಿಭವನದ ಮೂಲಕ ಸಿಗುವ ನೆರವಿನ ಬಗ್ಗೆ ವಿಧಾನಸಭೆಯ ಅಭ್ಯರ್ಥಿಗೆ ಕೇಳಬೇಕು.

ಅನಂತರ, ಈಗಾಗಲೇ ಇರುವ ಕಾನೂನನ್ನು ಓದಿಕೊಳ್ಳಬೇಕು. ಕೇರಳದ ಅಧಿಕೃತ ಭಾಷಾ ಕಾಯ್ದೆ, 1969ರ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಅಲ್ಲಿನ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿಯೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿಯೇ ಬರಬೇಕು. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯುವಂತೆ ವ್ಯವಸ್ಥೆ ಮಾಡಬೇಕೆನ್ನುತ್ತದೆ. ಇದು ಗೊತ್ತಿದ್ದರೆ ‘ಕನ್ನಡಕ್ಕೆ ಸ್ಥಾನಮಾನ ಕೊಡುವಿರಾ?’ ಎಂಬ ಪ್ರಶ್ನೆ ಅನಗತ್ಯವೆಂದು ತಿಳಿಯುತ್ತದೆ, ಏಕೆಂದರೆ ಸ್ಥಾನಮಾನ ಕಾಗದದಲ್ಲಿ ಆಗಲೇ ಇದೆ. ಕೇಳಬೇಕಾದದ್ದು ಅದರ ಜಾರಿಯ ಬಗ್ಗೆ.

ಪ್ರಶ್ನೆಯ ವಾಕ್ಯರಚನೆಗೆ ಹೆಚ್ಚು ಗಮನ ಬೇಕು, ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ. ‘ಕನ್ನಡ ಶಾಲೆಗಳನ್ನು ಉಳಿಸುವಿರಾ?’ ಎಂದು ಕೇಳಿದರೆ ‘ಖಂಡಿತ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅದರ ಬದಲು ಹೀಗೆ ಕೇಳಿ: ‘ಮಾಷ್ಟ್ರೇ, ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಅರಿಯದ ಅಧ್ಯಾಪಕರನ್ನು ನೇಮಿಸಿದರೆ, ಆ ನೇಮಕಾತಿಯನ್ನು ತಡೆಯಬೇಕೆಂದು ಶಿಕ್ಷಣ ಸಚಿವರಿಗೆ ನೀವು ಬರೆದುಕೊಡುತ್ತೀರಾ? ನೇಮಕಗೊಂಡವರು ನಿಮ್ಮದೇ ಪಕ್ಷದ ಅಧ್ಯಾಪಕ ಸಂಘಟನೆಯವರಾಗಿದ್ದರೂ?’ ಈ ಪ್ರಶ್ನೆಯಲ್ಲಿ ಒಂದು ನಿರ್ದಿಷ್ಟ ಕೆಲಸವಿದೆ, ಅದನ್ನು ಮಾಡಬೇಕಾದವರು ಯಾರೆಂಬುದಿದೆ, ಮಾಡಿದರೆ ಆಗುವ ನಷ್ಟವೂ ಇದೆ. ನಷ್ಟವನ್ನು ಎದುರಿಗಿಟ್ಟಾಗಲೇ ನಿಲುವು ಹೊರಬರುತ್ತದೆ. ಒಳ್ಳೆಯದು ಮತ್ತು ಕೆಟ್ಟದರ ನಡುವೆ ಆಯ್ಕೆ ಮಾಡಲು ಯಾರೂ ಹಿಂಜರಿಯುವುದಿಲ್ಲ. ಎರಡು ಒಳ್ಳೆಯ ಕೆಲಸಗಳಲ್ಲಿ ಯಾವುದು ಮೊದಲು ಎಂದು ಕೇಳಬೇಕು.

ಆರೋಗ್ಯದ ವಿಷಯಕ್ಕೂ ಇದೇ ರೀತಿ ಅನ್ವಯಿಸುತ್ತದೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದರಿಂದ ಎಣ್ಮಕಜೆ ಮೊದಲಾದ ಪಂಚಾಯತುಗಳ ಜನರು ಅನುಭವಿಸಿದ್ದನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2017ರ ಜನವರಿಯಲ್ಲಿ. ಬದಿಯಡ್ಕ ಸಮೀಪದ ಉಕ್ಕಿನಡ್ಕದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆ ನಡೆದದ್ದು 2013ರಲ್ಲಿ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಜಿಲ್ಲೆಯ ರೋಗಿಗಳು ಎಂಥ ಸಂಕಟಕ್ಕೆ ಸಿಲುಕಿದರೆಂಬುದನ್ನು ಎಲ್ಲರೂ ಕಂಡಿದ್ದಾರೆ. ಆದುದರಿಂದ ‘ನ್ಯಾಯ ಕೊಡಿಸುವಿರಾ?’ ಎಂಬ ಪ್ರಶ್ನೆಯನ್ನು ಬಿಟ್ಟು, ‘ಸಂತ್ರಸ್ತರ ಪಟ್ಟಿಯಿಂದ ಹೊರಗುಳಿದವರ ಮರುಪರೀಕ್ಷೆಗೆ ನೀವು ಯಾವ ತಿಂಗಳೊಳಗೆ ವೈದ್ಯಕೀಯ ಶಿಬಿರವನ್ನು ಬಯಸುತ್ತೀರಿ? ಮುಂದಿನ ಬಜೆಟ್ಟಿನಲ್ಲಿ ಉಕ್ಕಿನಡ್ಕದ ತಜ್ಞವೈದ್ಯರ ಹುದ್ದೆಗಳಿಗೆ ಹಣ ಕೇಳುವಿರೋ, ಹೊಸ ಕಟ್ಟಡಕ್ಕೆ ಕೇಳುವಿರೋ?’ ಎಂದು ಕೇಳಿ.

ಪಕ್ಷದ ವಿಪ್ ಕಾರಣದಿಂದ ತಡವರಿಸುವವರಿಗೆ ಬೇರೆ ಪ್ರಶ್ನೆ ಬೇಕು. ಸದನದಲ್ಲಿ ಹೇಗೆ ಮತ ಹಾಕುವಿರಿ ಎಂದು ಅವರನ್ನು ಕೇಳುವುದರಿಂದ ಪ್ರಯೋಜನವಿಲ್ಲ. ವಿಪ್ ತಲುಪದ ಜಾಗಗಳ ಬಗ್ಗೆ ಕೇಳಿ: ಶಾಸಕಾಂಗ ಪಕ್ಷದ ಸಭೆಯಲ್ಲಿ ಈ ವಿಷಯವನ್ನು ಎತ್ತುವಿರಾ, ಮೊದಲ ಅಧಿವೇಶನದಲ್ಲಿಯೇ ಚುಕ್ಕೆ ಗುರುತಿನ ಪ್ರಶ್ನೆಯಾಗಿ (ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ) ಕೇಳುವಿರಾ, ಖಾಸಗಿ ಮಸೂದೆ (ಸಚಿವರಲ್ಲದ ಸದಸ್ಯರು ಮಂಡಿಸುವ ಮಸೂದೆ) ತರುವಿರಾ. ಇವುಗಳಿಗೆ ‘ಹೌದು’ ಎನ್ನಲು ಯಾರ ಅನುಮತಿಯೂ ಬೇಕಿಲ್ಲ. ಮಂಜೇಶ್ವರದ ಶಾಸಕರು 2021ರಲ್ಲಿ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ನಮಗೆಲ್ಲ ಸಂತೋಷ ತಂದಿತು. ಆ ಸಂತೋಷವನ್ನು ಪ್ರಶ್ನೆಗೆ ಉತ್ತರವೆಂದು ಎಣಿಸಬಾರದು. ಪ್ರಮಾಣವಚನದ ಭಾಷೆ ಗೌರವದ ಸೂಚನೆ, ನೀತಿ ಅದರ ನಂತರ ಬರಬೇಕಾದದ್ದು.

ಕೇಳುವ ಹೊತ್ತು ಮತ್ತು ಸ್ಥಳ

ಪ್ರಣಾಳಿಕೆ ಅಚ್ಚಾದ ಮೇಲೆ ಕೇಳಿದರೆ ‘ಪ್ರಣಾಳಿಕೆಯಲ್ಲಿ ನೋಡಿ’ ಎನ್ನುತ್ತಾರೆ. ಅದು ಸಿದ್ಧವಾಗುತ್ತಿರುವಾಗಲೇ ರಂಗದ ಜಿಲ್ಲಾ ನಾಯಕರಿಗೆ ಪ್ರಶ್ನೆ ತಲುಪಬೇಕು. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆಗಳಲ್ಲಿ ಬಹಿರಂಗ ಪ್ರಚಾರವೂ ಪ್ರಣಾಳಿಕೆಯ ಬಿಡುಗಡೆಯೂ ನಿಷಿದ್ಧ, ಆದುದರಿಂದ ಕೊನೆಯ ವಾರಕ್ಕೆ ಏನನ್ನೂ ಉಳಿಸಿಕೊಳ್ಳಬೇಡಿ. ದೊಡ್ಡ ವೇದಿಕೆಯಲ್ಲಿ ಉತ್ತರ ಸಿಗುವುದು ಅಪರೂಪ. ಮನೆಭೇಟಿಗೆ ಬಂದಾಗ, ಕುಟುಂಬ ಸಂಗಮಗಳಲ್ಲಿ, ಗ್ರಂಥಾಲಯ ಅಥವಾ ಯುವಕ ಮಂಡಲದ ಅಂಗಳದಲ್ಲಿ ಹತ್ತಿಪ್ಪತ್ತು ಮಂದಿ ಕೂಡಿದಾಗ ಅಭ್ಯರ್ಥಿಗಳು ಬಿಚ್ಚಿ ಮಾತಾಡುತ್ತಾರೆ. ಅಲ್ಲಿ ಗದ್ದಲ ಬೇಡ, ಸೋಲಿಸುವ ಧಾಟಿಯೂ ಬೇಡ.

ಪ್ರಶ್ನೆಯನ್ನು ಕನ್ನಡ ಮತ್ತು ಮಲಯಾಳಂ ಎರಡರಲ್ಲೂ ಒಂದೇ ಹಾಳೆಯಲ್ಲಿ ಬರೆದು, ಐಕ್ಯರಂಗ, ಎಡರಂಗ, ಎನ್‌ಡಿಎ ಮತ್ತು ಪಕ್ಷೇತರರೆನ್ನದೆ ಎಲ್ಲರಿಗೂ ಅದೇ ಹಾಳೆಯನ್ನು ಕೊಡಿ. ಉತ್ತರವನ್ನೂ ಎರಡು ಭಾಷೆಗಳಲ್ಲಿ ಬರೆದುಕೊಡಲು ವಿನಂತಿಸಿ. ಮಲಯಾಳಂನಲ್ಲಿ ಬರೆದುಕೊಡಲು ಹಿಂಜರಿಯುವ ಭರವಸೆಯನ್ನು ಕನ್ನಡದಲ್ಲಿ ಕೊಟ್ಟರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಓದುಗರೇ ತೀರ್ಮಾನಿಸಬಲ್ಲರು. ಮಲಯಾಳಂ ಮಾತಾಡುವ ನೆರೆಹೊರೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಧ್ಯಾಪಕರ ಕೊರತೆ, ಆಸ್ಪತ್ರೆ, ಅಡಿಕೆ ಇವು ಅವರ ಪ್ರಶ್ನೆಗಳೂ ಹೌದು, ಮತ್ತು ಅವರು ಪಕ್ಕದಲ್ಲಿ ನಿಂತಿರುವಾಗ ಒಬ್ಬರನ್ನು ಕಳೆದುಕೊಳ್ಳುವ ಭಯದಿಂದ ಹುಟ್ಟಿದ ಅಸ್ಪಷ್ಟತೆಗೆ ಆಧಾರವೇ ಇರುವುದಿಲ್ಲ.

ಉತ್ತರ ಬಂದಾಗ ಕ್ರಿಯಾಪದವನ್ನು ನೋಡಿ. ‘ಪರಿಶೀಲಿಸಲಾಗುವುದು’, ‘ಸರಕಾರದ ಗಮನಕ್ಕೆ ತರಲಾಗುವುದು’ ಎಂಬಲ್ಲಿ ಮಾಡುವವರು ಯಾರೆಂದು ಇರುವುದಿಲ್ಲ. ‘ನೀವೇ ತರುವಿರಾ, ಯಾವಾಗ?’ ಎಂದು ಒಮ್ಮೆ ಮರುಪ್ರಶ್ನೆ ಹಾಕಿ. ಕೆಲವು ಅಸ್ಪಷ್ಟತೆಗಳನ್ನು ಮಾತ್ರ ಒಪ್ಪಿಕೊಳ್ಳಬೇಕು. ನ್ಯಾಯಾಲಯದಲ್ಲಿರುವ ವಿಷಯದ ಫಲಿತಾಂಶವನ್ನು ಅಭ್ಯರ್ಥಿ ಹೇಳಲಾರರು, ಬಜೆಟ್ ಕಾಣದೆ ಮೊತ್ತವನ್ನು ಹೇಳುವವರಿಗಿಂತ ‘ಈಗ ಮೊತ್ತ ಹೇಳಲಾರೆ, ಆದರೆ ಮೊದಲ ಆದ್ಯತೆ ಇದು’ ಎನ್ನುವವರು ಹೆಚ್ಚು ನಂಬಿಕೆಗೆ ಅರ್ಹರು. ‘ಇದಕ್ಕೆ ನನ್ನ ಒಪ್ಪಿಗೆಯಿಲ್ಲ’ ಎಂದು ನೇರವಾಗಿ ಹೇಳುವ ಅಭ್ಯರ್ಥಿಯನ್ನಂತೂ ಗೌರವದಿಂದ ಕಾಣಬೇಕು. ಅವರನ್ನು ಅಲ್ಲಿಯೇ ಗದರಿಸಿದರೆ ಮುಂದಿನ ಮನೆಯಲ್ಲಿ ಅವರೂ ಮಸುಕಾಗಿಯೇ ಮಾತಾಡುತ್ತಾರೆ.

ಫಲಿತಾಂಶದ ಬಳಿಕ, ಗೆದ್ದವರ ಉತ್ತರದ ಹಾಳೆಯನ್ನು ತೆಗೆದಿಟ್ಟುಕೊಂಡು ಮೊದಲ ಅಧಿವೇಶನ ಮುಗಿಯುವವರೆಗೆ ಕಾಯಿರಿ. ಸದಸ್ಯರು ಕೇಳಿದ ಪ್ರಶ್ನೆಗಳೂ ಸಚಿವರ ಉತ್ತರಗಳೂ ಕೇರಳ ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ, ಲೋಕಸಭೆಯದೂ ಹಾಗೆಯೇ. ನೇಮಕಾತಿ, ಅನುದಾನ, ಕಚೇರಿಯ ಪತ್ರಗಳ ಬಗ್ಗೆ ತಿಳಿಯಬೇಕಾದರೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ, 30 ದಿನಗಳೊಳಗೆ ಉತ್ತರ ಬರಬೇಕು. ಬಂದ ಉತ್ತರವನ್ನು ಅಭ್ಯರ್ಥಿಯ ಹಾಳೆಯ ಪಕ್ಕದಲ್ಲಿಟ್ಟು, ಎರಡನ್ನೂ ಹಾಗೆಯೇ ಶಾಸಕರ ಕಚೇರಿಗೆ ಕಳುಹಿಸಿ ಮುಂದಿನ ಕ್ರಮವೇನೆಂದು ಕನ್ನಡದಲ್ಲಿಯೇ ಬರೆದು ಕೇಳಿ.